ಶನಿವಾರ ಸಂಜೆಯ ಹಾಡುಗಾರರು

ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದುಂಟು. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಆರು ತಿಂಗಳು ಅಲ್ಲಿದ್ದು ಬಂದ ತಂದೆತಾಯಿಯರೂ ಕಡಿಮೆಯೇನಿಲ್ಲ. ಹಾಗೆ ಹೋದವರು ಯಾವುದಾದರೂ ಶನಿವಾರ ಸಂಜೆ ಅಲ್ಲಿನ ಸಾರ್ವಜನಿಕ ಟಿ.ವಿ. ವಾಹಿನಿಯನ್ನು ಹಾಕಿ ಕುಳಿತಿದ್ದರೆ ಒಂದು ಅಪರೂಪದ ದೃಶ್ಯವನ್ನು ಕಂಡಿರಲೂಬಹುದು. ವೇದಿಕೆಯ ತುಂಬ ತೇಲುವ ಸೋಪಿನ ಗುಳ್ಳೆಗಳು, ಒಂದೇ ಬಣ್ಣದ ಕೋಟು ತೊಟ್ಟ ವಾದ್ಯಗಾರರು, ನಗುಮೊಗದ ಗಾಯಕಿಯರು, ಇವರೆಲ್ಲರ ನಡುವೆ ಕೈಯಲ್ಲಿ ಪುಟ್ಟ ಕೋಲು ಹಿಡಿದು ಜರ್ಮನ್ ಧಾಟಿಯ ಇಂಗ್ಲಿಷಿನಲ್ಲಿ ಮಾತನಾಡುವ ಹಿರಿಯರೊಬ್ಬರು. ಅದು ‘ಲಾರೆನ್ಸ್ ವೆಲ್ಕ್ ಷೋ’. 1955ರಲ್ಲಿ ಅಮೆರಿಕದಾದ್ಯಂತ ಬಿತ್ತರಗೊಳ್ಳಲು ತೊಡಗಿ 1982ರಲ್ಲಿ ನಿಂತುಹೋದ ಈ ಸಂಗೀತ ಕಾರ್ಯಕ್ರಮವನ್ನು ಒಕ್ಲಹೋಮ ರಾಜ್ಯದ ಶೈಕ್ಷಣಿಕ ದೂರದರ್ಶನ ಸಂಸ್ಥೆ 1987ರಿಂದ ಮರುಪ್ರಸಾರಕ್ಕೆ ಒದಗಿಸುತ್ತ ಬಂದಿದೆ. ಹೊಸ ಕಂತುಗಳು ಬಂದ ವರ್ಷಗಳಿಗಿಂತ ಹಳೆಯ ಕಂತುಗಳು ಮರಳಿ ಬಂದ ವರ್ಷಗಳೇ ಹೆಚ್ಚಾಗಿವೆ!

ಇದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಜನ ಆ ನಾಡಿನಲ್ಲಿ ಇಂದಿಗೂ ಇದ್ದಾರೆ. ಕಾರಣ ಕೇಳಿದರೆ ಅವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಅದು ಶುದ್ಧವಾಗಿತ್ತು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಮುಜುಗರವಿಲ್ಲದೆ ಒಟ್ಟಿಗೆ ಕುಳಿತು ನೋಡಬಹುದಾಗಿತ್ತು. ಬೆಂಗಳೂರು ದೂರದರ್ಶನವೊಂದೇ ಇದ್ದ ಕಾಲವನ್ನು ನೆನೆಯುವ ನಮ್ಮ ಹಿರಿಯರೂ ಬಹುಮಟ್ಟಿಗೆ ಇದನ್ನೇ ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ಯಾರು ತಾನೇ ಹೇಳಿಯಾರು? ಆದರೂ ಹಳೆಯ ಕಂತುಗಳನ್ನು ತಾಳ್ಮೆಯಿಂದ ನೋಡಿದಾಗ, ಅವುಗಳ ಸೊಗಸು ಇರುವ ಕಡೆ ಬೇರೆ, ನಾವು ಹೊಗಳುತ್ತಿರುವ ಕಡೆ ಬೇರೆ ಎಂದು ನನಗೆ ಅನಿಸಿದೆ. ಆ ಅನಿಸಿಕೆಯನ್ನು ತಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಆ ಹಿರಿಯರ ವಿಚಾರ. ಲಾರೆನ್ಸ್ ವೆಲ್ಕ್ ಅವರು 1903ರ ಮಾರ್ಚ್ 11ರಂದು ಉತ್ತರ ಡಕೋಟ ರಾಜ್ಯದ ಸ್ಟ್ರಾಸ್‌ಬರ್ಗ್ ಎಂಬ ಹಳ್ಳಿಯ ಸಮೀಪ ಹುಟ್ಟಿದರು. ತಂದೆ ಲುಡ್ವಿಗ್, ತಾಯಿ ಕ್ರಿಸ್ಟಿಯಾನ. ಕಪ್ಪು ಸಮುದ್ರದ ತೀರದಲ್ಲಿ, ಒಡೆಸ್ಸಾ ಪಟ್ಟಣದ ಸುತ್ತಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಜರ್ಮನ್ ಕಥೋಲಿಕ ಕುಟುಂಬಗಳಲ್ಲಿ ಇವರದೂ ಒಂದು. 1892ರಲ್ಲಿ ಅಮೆರಿಕಕ್ಕೆ ಬಂದವರು ಮೊದಲ ಚಳಿಗಾಲವನ್ನು ಮಗುಚಿ ಹಾಕಿದ ಗಾಡಿಯ ಕೆಳಗೆ, ಹುಲ್ಲುಮಣ್ಣಿನ ಹೆಂಟೆಗಳನ್ನು ಹೊದಿಸಿಕೊಂಡು ಕಳೆದರಂತೆ. ಆಮೇಲೆ ಕಟ್ಟಿದ ಮನೆಯ ಗೋಡೆಯೂ ಮಣ್ಣಿನದೇ. ಆ ಮನೆಯಲ್ಲಿ ಅಕಾರ್ಡಿಯನ್ ವಾದ್ಯವಿತ್ತು, ಭಾನುವಾರದ ಬಲಿಪೂಜೆ ಇತ್ತು, ಜರ್ಮನ್ ಮಾತು ಇತ್ತು. ಇಂಗ್ಲಿಷ್ ಮಾತ್ರ ಇರಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹುಡುಗ ತಂದೆಯೊಡನೆ ಒಂದು ಒಪ್ಪಂದ ಮಾಡಿಕೊಂಡ. 400 ಡಾಲರ್ ಬೆಲೆಯ ಒಳ್ಳೆಯ ಅಕಾರ್ಡಿಯನ್ ಕೊಡಿಸಿದರೆ, ಇಪ್ಪತ್ತೊಂದು ತುಂಬುವವರೆಗೆ ಹೊಲದಲ್ಲಿ ದುಡಿಯುತ್ತೇನೆ, ಮದುವೆ ಮುಂಜಿಗಳಲ್ಲಿ ನುಡಿಸಿ ಗಳಿಸಿದ್ದನ್ನೆಲ್ಲ ಮನೆಗೇ ತಂದು ಕೊಡುತ್ತೇನೆ ಎಂದು. ತಂದೆ ಕೊಡಿಸಿದರು. ಮಗ ಮಾತನ್ನು ಉಳಿಸಿಕೊಂಡು 1924ರಲ್ಲಿ, ಇಪ್ಪತ್ತೊಂದು ತುಂಬಿದ ದಿನವೇ ಮನೆ ಬಿಟ್ಟರು.

ಅಮೆರಿಕದಲ್ಲೇ ಹುಟ್ಟಿಯೂ ಪರದೇಶಿಯಂತೆ ಇಂಗ್ಲಿಷ್ ಆಡುತ್ತಿದ್ದ ಇವರು ಆ ಉಚ್ಚಾರಣೆಯ ಬಗ್ಗೆ ಮೊದಮೊದಲು ಬಹಳ ನಾಚಿಕೊಳ್ಳುತ್ತಿದ್ದರು. ಜನ ಅದನ್ನೇ ಇಷ್ಟಪಟ್ಟರು. 1971ರಲ್ಲಿ ಬಂದ ಆತ್ಮಕಥೆಗೆ ‘ವಂಡರ್‌ಫುಲ್’ ಎಂಬ ಪದವನ್ನು ತಾವು ಉಚ್ಚರಿಸುತ್ತಿದ್ದ ಹಾಗೆಯೇ, ‘ವನ್ನರ್‌ಫುಲ್, ವನ್ನರ್‌ಫುಲ್’ ಎಂದು ಹೆಸರಿಟ್ಟರು. ಊರಿನ ಮಾತನ್ನು ನಗರದಲ್ಲಿ ಅಡಗಿಸಿಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕೆನಿಸುತ್ತದೆ. ಅದು ಬೇರೆ ಮಾತು.

ಈ ಕಾರ್ಯಕ್ರಮದ ರಚನೆ ಸರಳವಾಗಿತ್ತು. ಒಂದು ವಾದ್ಯಮೇಳ, ಅದಕ್ಕೆ ಸೇರಿದ ಗಾಯಕರು, ನರ್ತಕರು. ಇವರು ವಾರವಾರವೂ ಅವರೇ. ಅವರನ್ನು ವೆಲ್ಕ್ ಅವರೂ ಪ್ರೇಕ್ಷಕರೂ ‘ಸಂಗೀತ ಕುಟುಂಬ’ವೆಂದೇ ಕರೆಯುತ್ತಿದ್ದರು. ದಕ್ಷಿಣ ಡಕೋಟದ ರೈತರ ಮಗ ಮೈರನ್ ಫ್ಲಾರೆನ್ ಅಕಾರ್ಡಿಯನ್ ನುಡಿಸುತ್ತಿದ್ದರು. ಐರಿಷ್ ಹಾಡುಗಳ ಜೋ ಫೀನಿ ಹತ್ತು ಮಕ್ಕಳ ತಂದೆ. ನಾರ್ಮಾ ಜಿಮ್ಮರ್ 1960ರಿಂದ 1982ರವರೆಗೆ ಮೇಳದ ಪ್ರಧಾನ ಗಾಯಕಿ. ಬಿಲಿ ಗ್ರಹಾಂ ಅವರ ಸುವಾರ್ತಾ ಕೂಟಗಳಲ್ಲಿಯೂ ಅವರು ಹಾಡುತ್ತಿದ್ದರು. ಕ್ರಿಸ್ಮಸ್ ಕಂತಿನಲ್ಲಿ ಕಲಾವಿದರು ತಮ್ಮ ಹೆಂಡತಿ, ಗಂಡ, ಮಕ್ಕಳನ್ನು ವೇದಿಕೆಗೆ ಕರೆತರುತ್ತಿದ್ದರು. ಒಂದು ವರ್ಷ ತೋಳಿನಲ್ಲಿದ್ದ ಮಗು ಮೂರು ವರ್ಷಗಳ ಬಳಿಕ ಕೈ ಹಿಡಿದು ನಿಂತಿರುತ್ತಿತ್ತು.

ಅವರೆಲ್ಲರ ನಡುವೆ ಜನರಿಗೆ ಅತ್ಯಂತ ಪ್ರಿಯರಾದವರು ಲೆನನ್ ಸಹೋದರಿಯರು. ಕ್ಯಾಲಿಫೋರ್ನಿಯದ ವೆನಿಸ್ ಪಟ್ಟಣದ ತುಂಬು ಕಥೋಲಿಕ ಕುಟುಂಬದ ಮಕ್ಕಳು ಡಯಾನ್, ಪೆಗ್ಗಿ, ಕ್ಯಾಥಿ ಮತ್ತು ಜಾನೆಟ್. ವೆಲ್ಕ್ ಅವರ ಮಗ ಲ್ಯಾರಿಗೆ ಶಾಲೆಯಲ್ಲಿ ಡಯಾನ್‌ಳ ಪರಿಚಯವಿತ್ತು. ನಾಲ್ವರನ್ನೂ ಆತ ತನ್ನ ಮನೆಗೆ ಕರೆದೊಯ್ದಾಗ ತಂದೆ ಅಸ್ವಸ್ಥರಾಗಿ ಹಾಸಿಗೆಯಲ್ಲಿದ್ದರು. ಹುಡುಗಿಯರು ಅಲ್ಲಿಯೇ ಹಾಡಿದರು. 1955ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಜಾಗರಣೆಯ ಸಂಜೆ, ಅವರು ಮೊದಲ ಬಾರಿಗೆ ಟಿ.ವಿ.ಯಲ್ಲಿ ಕಾಣಿಸಿಕೊಂಡರು. ಡಯಾನ್‌ಗೆ ಆಗ 16 ವರ್ಷ, ಪೆಗ್ಗಿಗೆ 14, ಕ್ಯಾಥಿಗೆ 12, ಜಾನೆಟ್‌ಗೆ ಒಂಬತ್ತೇ ವರ್ಷ. ಮುಂದಿನ ಹನ್ನೆರಡು ಹದಿಮೂರು ವರ್ಷ ಒಂದು ದೇಶವೇ ಅವರು ಬೆಳೆಯುವುದನ್ನು ನೋಡಿತು. 1960ರಲ್ಲಿ ಡಯಾನ್ ಮದುವೆಯಾಗಿ ಹೊರಟುಹೋದಾಗ, ಅಕ್ಕ ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ಉಂಟಾಗುವ ಖಾಲಿತನವನ್ನು ಪ್ರೇಕ್ಷಕರು ಅನುಭವಿಸಿದರು. 1964ರಲ್ಲಿ ಆಕೆ ಮರಳಿದಾಗ ಹಿಗ್ಗಿದರು.

ಓದುಗರೇ, ಆ ಕಾರ್ಯಕ್ರಮದ ನಿಜವಾದ ಬಲ ಇಲ್ಲಿತ್ತೆಂದು ನನ್ನ ಭಾವನೆ. ಮುಖಗಳು ಮರಳಿ ಬರುತ್ತಿದ್ದವು. ಚೆನ್ನಾಗಿ ಹಾಡಿದ ವಾರವೂ ಬರುತ್ತಿದ್ದವು, ಸಾಧಾರಣವಾಗಿ ಹಾಡಿದ ವಾರವೂ ಬರುತ್ತಿದ್ದವು. ಯಾರೂ ಅಂಕ ಹಾಕುತ್ತಿರಲಿಲ್ಲ. ಸಣ್ಣ ಊರಿನ ಒಂಟಿ ಮನೆಯಲ್ಲಿ ಕುಳಿತ ವಿಧವೆಯೊಬ್ಬರಿಗೆ, ಮಕ್ಕಳು ದೂರ ಹೋದ ದಂಪತಿಗಳಿಗೆ, ಶನಿವಾರ ಸಂಜೆ ಬಾಗಿಲು ತಟ್ಟುವ ಬಂಧುಗಳು ಅವರು. ಬಂಧುಗಳ ಹಾಡಿನಲ್ಲಿ ಅಪಸ್ವರ ಹುಡುಕುವವರುಂಟೇ?

ಹಾಗೆಂದು ಸಂಗೀತದ ಬಗ್ಗೆ ಕಣ್ಣು ಮುಚ್ಚಿ ಹೊಗಳಲು ನಾನು ಸಿದ್ಧನಿಲ್ಲ. ವೆಲ್ಕ್ ಅವರ ಶೈಲಿಗೆ ‘ಷಾಂಪೇನ್ ಸಂಗೀತ’ವೆಂಬ ಹೆಸರಿತ್ತು, ಸೋಪಿನ ಗುಳ್ಳೆಗಳು ಅದರ ಗುರುತು. ಭಕ್ತ ಕಥೋಲಿಕರೊಬ್ಬರ ಸಂಗೀತಕ್ಕೆ ಮದ್ಯದ ಹೆಸರು, ಪ್ರಾಯೋಜಕರಾಗಿ ವೃದ್ಧರ ಟಾನಿಕ್ ತಯಾರಿಸುವ ಕಂಪನಿ, ವಿನೋದವಲ್ಲವೇ? ಹೆಸರಿನಲ್ಲಿ ಎಷ್ಟೇ ನೊರೆಯಿದ್ದರೂ ಅಲ್ಲಿ ಎಲ್ಲವೂ ಒಂದೇ ಹದಕ್ಕೆ ಬರುತ್ತಿತ್ತು. ನೋವಿನ ಹಾಡು ನಯವಾಗಿ ಬರುತ್ತಿತ್ತು, ಹುರುಪಿನ ಹಾಡೂ ನಯವಾಗಿಯೇ ಬರುತ್ತಿತ್ತು. ನ್ಯೂ ಆರ್ಲಿಯನ್ಸ್‌ನ ಜಾಜ್ ಪರಂಪರೆಯಲ್ಲಿ ಬೆಳೆದ ಪೀಟ್ ಫೌಂಟನ್ ಎಂಬ ಶ್ರೇಷ್ಠ ಕ್ಲಾರಿನೆಟ್ ವಾದಕರು ಎರಡೇ ವರ್ಷ ಅಲ್ಲಿದ್ದು 1959ರಲ್ಲಿ ಹೊರಬಂದರು. ಅವರ ವಾದ್ಯಕ್ಕೆ ಉಸಿರಾಡಲು ಬೇಕಾದ ಬಯಲು ಆ ಅಚ್ಚುಕಟ್ಟಾದ ಅಂಗಳದಲ್ಲಿ ಇರಲಿಲ್ಲ. ಒಮ್ಮೆಗೆ ಎರಡು ಕಂತು ನೋಡಿದರೆ ಸಿಹಿ ಹೆಚ್ಚಾಗುತ್ತದೆ. ವಾರಕ್ಕೊಂದು ನೋಡಲೆಂದೇ ಅದನ್ನು ಮಾಡಿದ್ದು ಎಂಬುದೂ ನಿಜ.

ಇನ್ನು ಆ ‘ಶುದ್ಧತೆ’ಯ ಮಾತಿಗೆ ಬರೋಣ. ನಾರ್ಮಾ ಜಿಮ್ಮರ್ ಅವರಿಗಿಂತ ಮೊದಲು ಆ ಸ್ಥಾನದಲ್ಲಿ ಆಲಿಸ್ ಲಾನ್ ಎಂಬ ಗಾಯಕಿ ಇದ್ದರು. 1959ರಲ್ಲಿ ಒಂದು ಕಂತಿನಲ್ಲಿ ಅವರು ಮೇಜಿನ ಮೇಲೆ ಕುಳಿತು ಹಾಡಿದಾಗ ಮೊಣಕಾಲು ಕಾಣಿಸಿತೆಂಬ ಕಾರಣಕ್ಕೆ ವೆಲ್ಕ್ ಅವರು ಆಕೆಯನ್ನು ಕೆಲಸದಿಂದ ತೆಗೆದರು. ಕುಟುಂಬದ ಕಾರ್ಯಕ್ರಮಕ್ಕೆ ಅದು ಹೊಂದುವುದಿಲ್ಲವೆಂದರು. ಮುಂದೆ ಏನಾಯಿತು ನೋಡಿ. ಯಾವ ಸಭ್ಯ ಕುಟುಂಬಗಳ ಹೆಸರಿನಲ್ಲಿ ಆಕೆಯನ್ನು ತೆಗೆಯಲಾಯಿತೋ ಅದೇ ಕುಟುಂಬಗಳಿಂದ ಸಾವಿರಾರು ಪ್ರತಿಭಟನೆಯ ಪತ್ರಗಳು ಬಂದವು. ವೆಲ್ಕ್ ಅವರು ಮತ್ತೆ ಕರೆದರು, ಆಕೆ ಮರಳಲಿಲ್ಲ. ಪ್ರೇಕ್ಷಕರ ಮನಸ್ಸು ಮೊಣಕಾಲಿನ ಮೇಲಿರಲಿಲ್ಲ; ಹಲವು ವರ್ಷ ತಮ್ಮ ಮನೆಗೆ ಬಂದುಹೋದ ಆಲಿಸ್‌ಳ ಮೇಲಿತ್ತು. ತನ್ನ ಪ್ರೇಕ್ಷಕರಿಗೆ ಏನು ಬೇಕೆಂಬುದು ವೆಲ್ಕ್ ಅವರಿಗಿಂತ ಆ ಪ್ರೇಕ್ಷಕರಿಗೇ ಚೆನ್ನಾಗಿ ತಿಳಿದಿತ್ತು.

ಇನ್ನೊಂದು ಪ್ರಸಂಗ ನಗು ತರಿಸುವಂಥದು. 1971ರಲ್ಲಿ ಗೇಲ್ ಫ್ಯಾರೆಲ್ ಮತ್ತು ಡಿಕ್ ಡೇಲ್ ಎಂಬ ಇಬ್ಬರು ಗಾಯಕರು ಆಗಿನ ಜನಪ್ರಿಯ ಗೀತೆಯೊಂದನ್ನು ಬಹಳ ಭಕ್ತಿಯ ಮುಖಭಾವದಲ್ಲಿ ಹಾಡಿದರು. ಸಾಲುಗಳಲ್ಲಿ ಯೇಸುವಿನ ಹೆಸರಿತ್ತು, ಮಾತೆ ಮರಿಯಳ ಹೆಸರೂ ಇತ್ತು. ಹಾಡು ಮುಗಿದಾಗ ವೆಲ್ಕ್ ಅವರು ಇದೊಂದು ಆಧುನಿಕ ಭಕ್ತಿಗೀತೆಯೆಂದು ಮೆಚ್ಚಿಕೊಂಡರು. ಅದು ಬ್ರೂಅರ್ ಮತ್ತು ಷಿಪ್ಲಿ ಎಂಬ ಜೋಡಿಯ ಗೀತೆ; ವಸ್ತು, ಗಾಂಜಾ ಸೇದಿದವನ ಅಮಲು! ಪವಿತ್ರ ಹೆಸರುಗಳು ಕಿವಿಗೆ ಬಿದ್ದೊಡನೆ ಹಾಡು ಪವಿತ್ರವೆಂದು ತೀರ್ಮಾನಿಸಿಬಿಡುವ ಅಭ್ಯಾಸ ನಮ್ಮಲ್ಲಿಯೂ ಇಲ್ಲವೇ? ಸಿನಿಮಾ ಧಾಟಿಗೆ ದೇವರ ಹೆಸರು ಜೋಡಿಸಿದ ಎಷ್ಟು ಧ್ವನಿಸುರುಳಿಗಳನ್ನು ನಾವು ಕೊಂಡು ಮನೆಗೆ ತಂದಿಲ್ಲ? ವೆಲ್ಕ್ ಅವರನ್ನು ನೋಡಿ ನಗುವ ಮೊದಲು ನಮ್ಮ ಕಪಾಟನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮುಖವೂ ಇದೆ. 1954ರಲ್ಲಿ ಬೆಟ್ಟಿ ವೈಟ್ ಎಂಬ ನಟಿ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಆರ್ಥರ್ ಡಂಕನ್ ಎಂಬ ಕಪ್ಪು ಜನಾಂಗದ ಯುವ ನರ್ತಕನಿಗೆ ಅವಕಾಶ ಕೊಟ್ಟಾಗ ದಕ್ಷಿಣದ ರಾಜ್ಯಗಳ ಕೇಂದ್ರಗಳು ಆಕ್ಷೇಪಿಸಿದ್ದವು. ಆಕೆ ಬಗ್ಗಲಿಲ್ಲ. ಅದೇ ಡಂಕನ್ ಅವರನ್ನು 1964ರಲ್ಲಿ ವೆಲ್ಕ್ ಅವರು ತಮ್ಮ ಮೇಳಕ್ಕೆ ಸೇರಿಸಿಕೊಂಡರು. ಅಮೆರಿಕದ ಇಂಥ ಸಾಪ್ತಾಹಿಕ ಕಾರ್ಯಕ್ರಮವೊಂದರಲ್ಲಿ ಕಾಯಂ ಕಲಾವಿದರಾದ ಮೊದಲ ಕಪ್ಪು ಕಲಾವಿದರೆಂದು ಅವರನ್ನು ಗುರುತಿಸಲಾಗುತ್ತದೆ. ನೆನಪಿಡಿ, ನಾಗರಿಕ ಹಕ್ಕುಗಳ ಕಾಯಿದೆ ಬಂದುದೂ ಅದೇ 1964ರಲ್ಲಿ. ದೇಶದ ಅತ್ಯಂತ ಸಂಪ್ರದಾಯಬದ್ಧ ಮನೆಗಳ ಪಡಸಾಲೆಗೆ ಹದಿನೆಂಟು ವರ್ಷ ಪ್ರತಿ ಶನಿವಾರ ಆ ಮನುಷ್ಯ ಬೂಟುಗಾಲಿನ ತಾಳದೊಡನೆ ನಗುತ್ತ ಬಂದರು. ಆ ಇಡೀ ಬಿಳಿಯ ಮೇಳದಲ್ಲಿ ಅವರೊಬ್ಬರೇ ಎಂಬುದನ್ನೂ ಮರೆಯಲಾಗದು. ಒಬ್ಬರನ್ನು ಸೇರಿಸಿಕೊಂಡು ಅಲ್ಲಿಗೇ ನಿಂತುಬಿಡುವುದು ಸಂಸ್ಥೆಗಳಿಗೆ ಎಷ್ಟು ಸುಲಭ! ಡಂಕನ್ ಅವರು 2023ರ ಜನವರಿಯಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ, ಕಾಲದ ಧೂಳು ಸ್ವಲ್ಪವೂ ತಾಕದೆ ಉಳಿದಿರುವುದು ಅವರ ನೃತ್ಯವೇ.

‘ಕುಟುಂಬ’ವೆಂಬ ಮಾತಿಗೆ ಯಾರು ಎಷ್ಟು ಬೆಲೆ ತೆತ್ತರು ಎಂಬುದು ಹಳೆಯ ನೆನಪುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ವೆಲ್ಕ್ ಅವರು ತಮ್ಮ ಕಲಾವಿದರಲ್ಲಿ ಹೆಚ್ಚಿನವರಿಗೆ ಕಾರ್ಮಿಕ ಸಂಘ ಗೊತ್ತುಪಡಿಸಿದ ಕನಿಷ್ಠ ಸಂಭಾವನೆಯನ್ನೇ ಕೊಡುತ್ತಿದ್ದರು. ಲಾಭದಲ್ಲಿ ಪಾಲು ಕೊಡುವ ಒಂದು ಯೋಜನೆಯನ್ನು ಮಾಡಿದ್ದರು, ಅದು ಮೆಚ್ಚತಕ್ಕದ್ದೇ. ಆದರೂ ದೇಶದ ಕಣ್ಮಣಿಗಳಾಗಿದ್ದ ಲೆನನ್ ಸಹೋದರಿಯರು 1968ರಲ್ಲಿ ಹೊರನಡೆದುದು ಅಕಾರಣವಾಗಿ ಅಲ್ಲ. ಬೆಳೆದ ಹೆಣ್ಣುಮಕ್ಕಳಿಗೆ ಮಕ್ಕಳ ಉಡುಪು, ಮಕ್ಕಳ ಹಾಡು, ಮಕ್ಕಳ ಕೂಲಿ ಎಷ್ಟು ಕಾಲ ಒಗ್ಗೀತು? ಇದಕ್ಕಿಂತ ಘೋರವಾದದ್ದು ಮರುವರ್ಷ ನಡೆಯಿತು. 1969ರ ಆಗಸ್ಟ್ 12ರಂದು ಅವರ ತಂದೆ ವಿಲಿಯಂ ಲೆನನ್ ಅವರನ್ನು, ಅವರು ಕೆಲಸ ಮಾಡುತ್ತಿದ್ದ ಗಾಲ್ಫ್ ಮೈದಾನದ ಬಳಿ ಒಬ್ಬ ವ್ಯಕ್ತಿ ಗುಂಡಿಟ್ಟು ಕೊಂದ. ಆತ ಟಿ.ವಿ.ಯಲ್ಲಿ ನೋಡಿ ನೋಡಿ ಪೆಗ್ಗಿ ತನ್ನ ಹೆಂಡತಿಯೆಂದೇ ನಂಬಿದ್ದ ಮನೋರೋಗಿ. ತಂದೆ ಅವರಿಬ್ಬರ ನಡುವಿನ ಅಡ್ಡಿಯೆಂದು ಅವನ ಭ್ರಮೆ. ಮುಂದಿನ ತಿಂಗಳೇ ಆ ಸಹೋದರಿಯರ ಹೆಸರಿನ ಹೊಸ ಟಿ.ವಿ. ಕಾರ್ಯಕ್ರಮ ಶುರುವಾಗಬೇಕಿತ್ತು; ಶುರುವೂ ಆಯಿತು. ಅವರು ನಗುತ್ತ ಹಾಡಿದರು.

ಈ ಸಂಗತಿಯನ್ನು ಓದಿದ ಮೇಲೆ ನಾನು ಆ ಹಳೆಯ ಕಂತುಗಳನ್ನು ಮೊದಲಿನಂತೆ ನೋಡಲಾರೆ. ಪರದೆಯ ಮೇಲಿನವರು ನಮ್ಮವರೇ ಎಂದು ಕೋಟಿ ಜನ ನಂಬಿದರು. ಆ ನಂಬಿಕೆಯೇ ಕಾರ್ಯಕ್ರಮದ ಜೀವಾಳವೆಂದು ಮೇಲೆ ಹೇಳಿದೆ. ಅದೇ ನಂಬಿಕೆ ಒಂದು ರೋಗಿಷ್ಠ ಮನಸ್ಸಿನಲ್ಲಿ ವಿಷವಾಯಿತು. ಇದಕ್ಕಾಗಿ ವೆಲ್ಕ್ ಅವರನ್ನಾಗಲಿ ಪ್ರೇಕ್ಷಕರನ್ನಾಗಲಿ ದೂರುವುದು ತಪ್ಪು. ಆದರೆ ‘ಆ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವಾಗ, ಆ ಕಾಲದ ನಗುವಿನ ಹಿಂದೆ ನಿಂತಿದ್ದ ಹುಡುಗಿಯರನ್ನೂ ಒಂದು ಕ್ಷಣ ನೆನೆಯಬೇಕಾಗುತ್ತದೆ.

ಕಾರ್ಯಕ್ರಮದ ಅಂತ್ಯವೂ ಗಮನಾರ್ಹ. 1971ರಲ್ಲಿ ಎ.ಬಿ.ಸಿ. ಜಾಲ ಅದನ್ನು ಕೈಬಿಟ್ಟಿತು. ನೋಡುವವರಿಗೆ ಕೊರತೆಯಿರಲಿಲ್ಲ, ನೋಡುವವರು ಮುದುಕರಾಗಿದ್ದರು. ಜಾಹೀರಾತುದಾರರಿಗೆ ಬೇಕಾಗಿದ್ದವರು ಯುವಕರು. ವೆಲ್ಕ್ ಅವರು ಆಗ 68ರ ಹರೆಯದಲ್ಲಿ ಸುಮ್ಮನೆ ಕೂರದೆ ಊರೂರಿನ ಕೇಂದ್ರಗಳನ್ನು ತಾವೇ ಒಂದುಗೂಡಿಸಿದರು. 200ಕ್ಕೂ ಹೆಚ್ಚು ಕೇಂದ್ರಗಳು ಒಪ್ಪಿಕೊಂಡವು. ಕಾರ್ಯಕ್ರಮ ಇನ್ನೂ ಹನ್ನೊಂದು ವರ್ಷ ನಡೆಯಿತು. 1992ರ ಮೇ 17ರಂದು ಅವರು ನಿಧನರಾದರು. ವಯಸ್ಸಾದವರು ಮಾರುಕಟ್ಟೆಯ ಲೆಕ್ಕಕ್ಕೆ ಬರುವುದಿಲ್ಲವೆಂಬ ತೀರ್ಪನ್ನು ಒಪ್ಪದ ಆ ಹಟಕ್ಕಾಗಿ ನಾನು ಅವರ ಸಂಗೀತದ ಅತಿಸಿಹಿಯನ್ನು ಕ್ಷಮಿಸಬಲ್ಲೆ.

ಈ ಕಥೆಯನ್ನು ಓದುತ್ತ ತಮಗೆ ‘ಎದೆ ತುಂಬಿ ಹಾಡುವೆನು’ ನೆನಪಾಗಿರಬಹುದು. ನನಗೂ ಆಯಿತು. ಅದು ಸ್ಪರ್ಧೆ, ವೆಲ್ಕ್ ಅವರದು ಸ್ಪರ್ಧೆಯಲ್ಲ. ಹೋಲಿಕೆ ಪೂರ್ತಿಯಾಗಿ ಕೂಡುವುದಿಲ್ಲ. ಈಟಿವಿ ಕನ್ನಡದಲ್ಲಿ ಹಾಡಿದ ಮಕ್ಕಳು ಬಂದರು, ಹೋದರು. ಮರಳಿ ಮರಳಿ ಬಂದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಬ್ಬರೇ. ಹಾಡಿನ ಕವಿ ಯಾರು, ರಾಗ ಹಾಕಿದವರು ಯಾರು ಎಂದು ಹೇಳಿ, ತಪ್ಪಿದ ಅಕ್ಷರವನ್ನು ಮಗುವಿನ ಮುಖ ಬಾಡದಂತೆ ತಿದ್ದಿ, ಸೋತವರನ್ನೂ ಹರಸಿ ಕಳುಹಿಸುತ್ತಿದ್ದ ಅವರ ಸನ್ನಿಧಿಯೇ ಆ ಸ್ಪರ್ಧೆಯನ್ನು ಮನೆಯಾಗಿಸಿತ್ತು. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಸ್ವಂತ ದೊಡ್ಡಪ್ಪ ಹೋದಂತಹ ಮೌನ ಕವಿಯಿತು. ಆನಂತರ ಬಂದ ಸ್ಪರ್ಧೆಗಳಲ್ಲಿ ಕಂಠಗಳಿಗೆ ಬಡತನವಿಲ್ಲ. ಹಾಡುವ ಮಕ್ಕಳ ತಯಾರಿ ಕಂಡರೆ ಬೆರಗಾಗುತ್ತದೆ. ಆದರೆ ಹಾಡು ಮುಗಿದೊಡನೆ ನಮ್ಮ ಕಣ್ಣು ಮಗುವಿನ ಮುಖದಿಂದ ತೀರ್ಪುಗಾರರ ಮುಖಕ್ಕೆ ಹಾರುತ್ತದೆ. ಹಾರಲೆಂದೇ ಕ್ಯಾಮೆರಾ ಅತ್ತ ತಿರುಗುತ್ತದೆ. ಹತ್ತು ವರ್ಷದ ಕೂಸು ಸೋತು ಅಳುವುದನ್ನು ಇಡೀ ಮನೆ ಊಟದ ಹೊತ್ತಿನಲ್ಲಿ ಕುಳಿತು ನೋಡುತ್ತದೆ. ಆ ಮಗುವಿನ ಮೊಣಕಾಲು ಮುಚ್ಚಿರುವುದರಿಂದ ಅದನ್ನು ನಾವು ಕುಟುಂಬದ ಕಾರ್ಯಕ್ರಮವೆಂದು ಕರೆಯುತ್ತೇವೆ.

ವೆಲ್ಕ್ ಅವರ ಹಳೆಯ ಕಂತುಗಳು ಈಗ ಅಂತರ್ಜಾಲದಲ್ಲಿಯೂ ಸಿಗುತ್ತವೆ. ಬಿಡುವಿದ್ದಾಗ ಒಂದು ಕ್ರಿಸ್ಮಸ್ ಕಂತನ್ನು ನೋಡಿ. ಡಂಕನ್ ಅವರ ಕಾಲುಗಳನ್ನು ತಪ್ಪದೆ ನೋಡಿ. ಲೆನನ್ ಸಹೋದರಿಯರ ಆರಂಭದ ಕಂತು ಸಿಕ್ಕರೆ ಪುಟ್ಟ ಜಾನೆಟ್‌ಳನ್ನು ಗಮನಿಸಿ. 1990ರ ದಶಕದಲ್ಲಿ ಮಿಸೌರಿ ರಾಜ್ಯದ ಬ್ರಾನ್ಸನ್ ಎಂಬ ಪಟ್ಟಣದಲ್ಲಿ, ವೆಲ್ಕ್ ಅವರ ಹೆಸರಿನ ರಂಗಮಂದಿರದಲ್ಲಿ, ಐವತ್ತರ ಅಂಚಿಗೆ ಬಂದಿದ್ದ ಅದೇ ಜಾನೆಟ್ ಸಹೋದರಿಯರೊಡನೆ ನಿಂತು ಹಾಡುತ್ತಿದ್ದರು. ಆಕೆ ಒಂಬತ್ತು ವರ್ಷದವಳಿದ್ದಾಗಿನಿಂದ ಬಲ್ಲ ಜನ, ಈಗ ತಲೆ ಪೂರ್ತಿ ನರೆತವರು, ದೂರದೂರದ ಊರುಗಳಿಂದ ಬಸ್ಸುಗಳಲ್ಲಿ ಬಂದು ಇಳಿಯುತ್ತಿದ್ದರು.